ಕತ್ತರಿಯಣ್ಣನ ಬೆಂಚು

ಮೂಲೆಯ ಕ್ಷೌರದಂಗಡಿಯವನನ್ನು ಬೀದಿಯವರೆಲ್ಲ ಕತ್ತರಿಯಣ್ಣ ಎಂದೇ ಕರೆಯುತ್ತಿದ್ದರು. ಕತ್ತರಿ ಹತ್ತು ಸಲ ಆಡಿದರೆ ಬಾಯಿ ಇಪ್ಪತ್ತು ಸಲ ಆಡುತ್ತಿತ್ತು. ಅಂಗಡಿಯ ಮುಂದೆ ಒಂದು ಮರದ ಬೆಂಚು. ಸಂಜೆಯಾದರೆ ಅದರ ಮೇಲೆ ನಾಲ್ವರು ಗೆಳೆಯರು, ಒಂದು ಪೇಪರು, ಊರಿನ ಸುದ್ದಿಯೆಲ್ಲ. ಹೆಂಡತಿ ತೀರಿಕೊಂಡ ಮೇಲೆ ಅವನನ್ನು ಬದುಕಿಸಿದ್ದೇ ಆ ಬೆಂಚು ಎಂದರೆ ಸುಳ್ಳಲ್ಲ.

ಹೀಗಿರುವಾಗ ಪೊಲೀಸರು, ಶಾಲೆಯವರು, ಅಂಗಡಿಯವರು ಸೇರಿ ಬಡಾವಣೆಯ ಸುರಕ್ಷತೆಗೊಂದು ಯೋಜನೆ ಮಾಡಲು ಹೊರಟರು. ಎಲ್ಲರ ತಲೆಯೂ ಗೊತ್ತಿರುವವನೆಂದು ಕತ್ತರಿಯಣ್ಣನನ್ನೇ ಸಂಚಾಲಕನನ್ನಾಗಿ ಮಾಡಿದರು. ಅವನಿಗೋ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಡಾವಣೆಯ ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಶಾಲೆಯ ಗೋಡೆಗೆ ತೂಗುಹಾಕಿದ. ಹೆಂಗಸರು ತಮಗೆ ಭಯವಾಗುವ ಜಾಗಕ್ಕೆ ಕೆಂಪು ಚುಕ್ಕೆ ಇಡಬೇಕು. ಹಾಳು ಗೋದಾಮಿನ ಹಿಂದೆಯೇ ಎಲ್ಲ ಚುಕ್ಕೆಗಳೂ ಬೀಳುತ್ತವೆಂದು ಅವನ ಲೆಕ್ಕ.

ವಾರ ಕಳೆದು ಠಾಣೆಯ ಇನ್‌ಸ್ಪೆಕ್ಟರಮ್ಮನ ಎದುರು ಸಭೆ ಸೇರಿ ನೋಡಿದರೆ ಗೋದಾಮಿಗೆ ಬಿದ್ದದ್ದು ಆರೇ ಚುಕ್ಕೆ. ಅವನ ಅಂಗಡಿಯ ಮುಂದೆ ಮಾತ್ರ ಕಾಗದವೇ ಕಾಣದಷ್ಟು ಕೆಂಪು.

"ಅಲ್ಲಿ ಬೀದಿದೀಪ ಸರಿಯಿಲ್ಲ ಮೇಡಂ, ಅದಕ್ಕೇ" ಎಂದ. ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ಇನ್‌ಸ್ಪೆಕ್ಟರಮ್ಮ ವಾದಕ್ಕಿಳಿಯಲಿಲ್ಲ. ಯೋಜನೆಯ ಹಾಳೆಯಲ್ಲಿ ಗೋದಾಮಿನ ಹೊಣೆ ಪೊಲೀಸರದು ಎಂದು ಬರೆದು, ಅಂಗಡಿಯ ಮುಂದಿನ ಜಾಗದ ಹೊಣೆ ಯಾರದು ಎಂಬಲ್ಲಿ ಖಾಲಿ ಬಿಟ್ಟರು.

ಮನೆಗೆ ಬಂದವನೇ ಕಾಲೇಜಿಗೆ ಹೋಗುವ ಮಗಳನ್ನು ಕೇಳಿದ. "ನೀನೂ ಚುಕ್ಕೆ ಇಟ್ಯೇನಮ್ಮ?"

"ನಾನೇ ಮೊದಲು ಇಟ್ಟಿದ್ದು ಅಪ್ಪ."

"ನಿನಗೆ ಯಾರಾದ್ರೂ ಏನಾದ್ರೂ ಅಂದ್ರಾ?"

"ನನಗೆ ಅನ್ನಲ್ಲ, ನಿಮ್ಮ ಮಗಳಲ್ವಾ. ನನ್ನ ಗೆಳತೀರಿಗೆ ಅಂತಾರೆ, ನಿಮ್ಮ ಬೆಂಚಿನ ಮೇಲೆ ಕೂರೋರು. ಅವರು ಹಾಕಿರೋ ಬಟ್ಟೆ, ನಡೆಯೋ ರೀತಿ, ಯಾವುದನ್ನೂ ಬಿಡಲ್ಲ. ಟೈಲರ್ ಅಕ್ಕ ದಿನಾ ದೊಡ್ಡ ರಸ್ತೆ ಸುತ್ತಿ ಮನೆಗೆ ಹೋಗ್ತಾರೆ."

"ಮೊದಲೇ ನನಗೆ ಹೇಳಬಾರದಿತ್ತಾ?"

"ಹೇಗೆ ಹೇಳಲಿ? ನೀವೂ ನಗ್ತಿದ್ರಲ್ಲ."

ದೀಪದ ಬುಡದಲ್ಲೇ ಕತ್ತಲೆ ಎಂದು ಊರಿಗೆಲ್ಲ ಹೇಳುವವನಿಗೆ ತನ್ನ ಬೆಂಚಿನ ಬುಡವೇ ಕಂಡಿರಲಿಲ್ಲ. ನಾಚಿಕೆಯಂತೂ ಆಯಿತು. ಬೆಂಚು ಹೋದರೆ ಗೆಳೆಯರೂ ಹೋಗುತ್ತಾರೆ, ಸಂಜೆಗಳನ್ನು ಹೇಗೆ ಕಳೆಯುವುದು ಎಂಬ ಚಿಂತೆಯೂ ಇತ್ತು, ಸುಳ್ಳೇಕೆ.

ಬೆಳಿಗ್ಗೆ ಠಾಣೆಗೆ ಹೋಗಿ ಹಾಳೆಯ ಆ ಖಾಲಿ ಜಾಗದಲ್ಲಿ ತನ್ನ ಹೆಸರನ್ನೇ ಬರೆದ. ಬಂದವನು ಬೆಂಚನ್ನು ಒಳಗೆಳೆದು ಗೋಡೆಗೆ ಆನಿಸಿ ನಿಲ್ಲಿಸಿದ.

ಸಂಜೆ ಬಂದ ಗೆಳೆಯರಲ್ಲಿ ನಿವೃತ್ತ ಗುಮಾಸ್ತ ಸಿಡಿದೆದ್ದ. "ಏನಯ್ಯಾ, ನಮ್ಮನ್ನ ಪೋಲಿಗಳು ಅಂದ್ಕೊಂಡ್ಯಾ? ನಾವು ಯಾರನ್ನಾದ್ರೂ ಮುಟ್ಟಿದ್ವಾ? ಬಾಯಿಮಾತಿಗೆ ಇಷ್ಟೊಂದಾ?"

ಕತ್ತರಿಯಣ್ಣ ಗಿರಾಕಿಯ ತಲೆಯಿಂದ ಕಣ್ಣೆತ್ತಲಿಲ್ಲ.

"ನಿಮ್ಮನ್ನೇನೋ ಮನೆಗೆ ಕಳಿಸಬಹುದು ಕಣಯ್ಯಾ. ನಿಮ್ಮ ಜೊತೆ ಕೂತು ನಗ್ತಿದ್ದ ಈ ಕತ್ತರಿಯವನಿದ್ದಾನಲ್ಲ, ಅವನನ್ನ ಎಲ್ಲಿಗೆ ಕಳಿಸಲಿ?"