ಅಪ್ಪನ ಹೆಜ್ಜೆ ಹಿಡಿದು ನಡೆದವರು

ಕಳೆದ ವರ್ಷ ಕಾರ್ತಿಕ ಮಾಸದ ಒಂದು ಭಾನುವಾರ. ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ನಾನು ಜಾವಗಲ್‌ನಿಂದ ಹಳೇಬೀಡಿಗೆ ಹೊರಟಿದ್ದೆ. ಜಾವಗಲ್ಲಿನ ಬ್ಯಾಂಕೊಂದರಲ್ಲಿ ನನಗೆ ಕೆಲಸ. ಅಪ್ಪ ಅರಸೀಕೆರೆ ರೈಲ್ವೆ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಈಗ ಎಂಬತ್ತೊಂದು ವರ್ಷ, ಎರಡು ವರ್ಷದಿಂದ ಮರೆವಿನ ಕಾಯಿಲೆ. ಒಂದೊಂದು ದಿನ ನನ್ನ ಹೆಸರೂ ನೆನಪಿಗೆ ಬರುವುದಿಲ್ಲ. ಹಿಂದೆ ಓಡಾಡಿದ ಜಾಗಗಳಿಗೆ ಕರೆದುಕೊಂಡು ಹೋಗಿ, ಮನಸ್ಸಿಗೆ ಸಮಾಧಾನ ಸಿಗುತ್ತದೆ ಎಂದು ಡಾಕ್ಟರು ಹೇಳಿದ್ದರು.

ಅಪ್ಪನಿಗೆ ಒಂದೇ ಒಂದು ಚಟವಿತ್ತು. ಆಫ್ರಿಕಾದ ಬೇಟೆಯ ಪುಸ್ತಕಗಳು. ಅರಸೀಕೆರೆಯ ಗ್ರಂಥಾಲಯದಲ್ಲಿ ಅಂಥ ಅನುವಾದಗಳು ಎಷ್ಟಿದ್ದವೋ ಅಷ್ಟನ್ನೂ ತಂದು, ರೈಲ್ವೆ ಕ್ವಾರ್ಟರ್ಸಿನ ಜಗಲಿಯಲ್ಲಿ ಕೂತು ನನಗೆ ಜೋರಾಗಿ ಓದಿ ಹೇಳುತ್ತಿದ್ದರು. ಎದೆಯೆತ್ತರದ ಹುಲ್ಲಿನಲ್ಲಿ ಗಾಯಗೊಂಡ ಕಾಡೆಮ್ಮೆ ಕಾದು ನಿಂತಿರುವ ಪುಟ ಬಂತೆಂದರೆ ದನಿ ತಗ್ಗಿಸುತ್ತಿದ್ದರು. ನಾನು ಉಸಿರು ಬಿಗಿಹಿಡಿದು ಕೇಳುತ್ತಿದ್ದೆ. ಮನೆಯಲ್ಲಿ ಒಂದು ಇಲಿ ಹೊಡೆಯೋಕಾಗಲ್ಲ, ಇವರಿಗೆ ಸಿಂಹ ಬೇಕಂತೆ ಎಂದು ಅಮ್ಮ ಒಳಗಿನಿಂದಲೇ ಗೊಣಗುತ್ತಿದ್ದಳು. ಅದು ನಿಜವೇ. ಅಪ್ಪ ಕೋವಿ ಮುಟ್ಟಿದವರಲ್ಲ. ಆದರೂ ಒಂದು ದಿನ ಇಬ್ಬರೂ ಆಫ್ರಿಕಾಕ್ಕೆ ಹೋಗಿಯೇ ಹೋಗುತ್ತೇವೆ ಎಂದು ನಾವು ನಂಬಿದ್ದೆವು.

ಅಪ್ಪ ಮರೆತ ಮೇಲೂ ಆ ಆಸೆ ನನ್ನಲ್ಲಿ ಉಳಿದಿತ್ತು. ಐವತ್ತು ದಾಟಿದ ಹೆಂಗಸು ಹೇಳಿಕೊಳ್ಳುವಂಥ ಆಸೆಯಲ್ಲ ಅದು. ಆದರೂ ಬೇಟೆಯ ಪ್ರವಾಸ ಏರ್ಪಡಿಸುವ ಒಂದು ಕಂಪನಿಗೆ ಗುಟ್ಟಾಗಿ ಇಮೇಲ್ ಕಳಿಸಿದ್ದೆ. ಅವರು ವಿವರಗಳ ಜೊತೆ ಒಂದು ಫೋಟೋವನ್ನೂ ಕಳಿಸಿದ್ದರು. ಸತ್ತ ಕಾಡೆಮ್ಮೆಯ ಕೊಂಬು ಹಿಡಿದು ನಗುತ್ತಿರುವ ಒಬ್ಬ ಪ್ರವಾಸಿ. ಆ ಜಾಗದಲ್ಲಿ ನನ್ನನ್ನು ಎಷ್ಟು ಸಲ ಕಲ್ಪಿಸಿಕೊಂಡಿದ್ದೆನೋ.

ಆ ದಿನ ಹಳೇಬೀಡಿನ ದೊಡ್ಡ ದೇವಸ್ಥಾನದಲ್ಲಿ ಜನ ತುಂಬಿದ್ದರು. ಗದ್ದಲಕ್ಕೆ ಅಪ್ಪ ಹೆದರುತ್ತಾರೆಂದು ಪಕ್ಕದ ಬಸ್ತಿಹಳ್ಳಿಯ ಬಸದಿಗಳಿಗೆ ಹೋದೆವು. ಅಲ್ಲಿ ಯಾರೂ ಇರಲಿಲ್ಲ. ಹೊರಗೆ ಮರದ ನೆರಳಿನ ಕಲ್ಲಿನ ಮೇಲೆ ಅಪ್ಪನನ್ನು ಕೂರಿಸಿ ನೀರು ಕುಡಿಸಿದೆ.

ಅಷ್ಟರಲ್ಲಿ ಇಬ್ಬರು ಬಂದರು. ಅರವತ್ತೈದರ ಆಸುಪಾಸಿನ ಕಪ್ಪು ವರ್ಣದ, ಸಣಕಲು ಮೈಯ ಒಬ್ಬರು, ಜೊತೆಗೆ ಒಬ್ಬ ಯುವತಿ. ಬಸದಿಯ ಕಂಬಗಳ ನುಣುಪು ನೋಡಿ ಆಕೆ ಬೆರಗಾಗಿ ನಿಂತಾಗ ಹತ್ತಿರ ಹೋಗಿ ನಾನೇ ಮಾತನಾಡಿಸಿದೆ. ಹೆಸರು ನೀಮಾ, ಟಾಂಜಾನಿಯಾದವಳು, ಮೈಸೂರಿನಲ್ಲಿ ಫಾರ್ಮಸಿ ಓದು ಮುಗಿಸಿದ್ದಾಳೆ. ಪದವಿ ಸಮಾರಂಭಕ್ಕೆಂದು ತಂದೆ ಎಲಿಯಾ ಬಂದಿದ್ದಾರೆ. ಹಾಸ್ಟೆಲಿನಲ್ಲಿ ಕಲಿತ ಅಷ್ಟಿಷ್ಟು ಕನ್ನಡದಲ್ಲೇ ಆಕೆ ಮಾತಾಡಿದಳು. ತಂದೆಗೆ ಏನು ಕೆಲಸ ಎಂದು ಕೇಳಿದೆ. ಬೇಟೆಗೆ ಬರುವವರ ಜೊತೆ ಕಾಡಿನಲ್ಲಿ ಕೆಲಸ ಮಾಡುತ್ತಿದ್ದರು ಎಂದಳು.

ನಮ್ಮ ಪುಸ್ತಕದೊಳಗಿಂದ ಒಬ್ಬರು ಎದ್ದು ಬಂದು ಬಸ್ತಿಹಳ್ಳಿಯಲ್ಲಿ ನಿಂತ ಹಾಗಾಯಿತು. ಎಷ್ಟು ಸಿಂಹ ಹೊಡೆದಿದ್ದೀರಿ, ಕಾಡೆಮ್ಮೆ ಮೇಲೆ ನುಗ್ಗಿದಾಗ ಏನು ಮಾಡಿದಿರಿ ಎಂದು ಒಂದೇ ಸಮನೆ ಕೇಳುತ್ತಾ ಹೋದೆ. ನೀಮಾ ಅವರ ಭಾಷೆಗೆ ತಿರುಗಿಸುತ್ತಿದ್ದಳು. ಎಲಿಯಾ ಸಂಕೋಚದಿಂದ ನಕ್ಕರು. ಒಂದನ್ನೂ ಹೊಡೆದಿಲ್ಲ, ಕೋವಿ ಹಿಡಿಯುವುದು ತನ್ನ ಕೆಲಸವಾಗಿರಲಿಲ್ಲ, ಮುಂದೆ ನಡೆಯುತ್ತಾ ನೆಲದಲ್ಲಿ ಪ್ರಾಣಿಯ ಹೆಜ್ಜೆ ನೋಡುವುದಷ್ಟೇ ಎಂದರು. ನನಗೆ ಸ್ವಲ್ಪ ನಿರಾಸೆಯೇ ಆಯಿತು. ಆದರೂ ಬಿಡದೆ ಇನ್ನೂ ಏನೋ ಕೇಳಿದೆ.

ಅಪ್ಪನಿಗೂ ಇವರನ್ನು ತೋರಿಸೋಣವೆಂದು ತಿರುಗಿದರೆ ಕಲ್ಲಿನ ಮೇಲೆ ನೀರಿನ ಬಾಟಲಿ ಮಾತ್ರ ಇತ್ತು.

ಮೂರೂ ಬಸದಿಗಳನ್ನು ಸುತ್ತಿದೆ. ರಸ್ತೆಗೆ ಓಡಿ ಎರಡೂ ಕಡೆ ನೋಡಿದೆ. ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸನ್ನು ಕೇಳಿದೆ.

“ನಾ ತಲೆ ಬಗ್ಗಿಸ್ಕೊಂಡು ಕುಯ್ತಿದ್ದೆ ಕಣವ್ವ, ಯಾರನ್ನೂ ನೋಡ್ಲಿಲ್ಲ. ಆ ಕಡೀಕೆ ಕೆರೆ ಐತೆ, ಬಿರ್‌ಬಿರನೆ ನೋಡು” ಎಂದಳು.

ಆ ವರ್ಷ ಮಳೆ ಚೆನ್ನಾಗಿ ಆಗಿ ಕೆರೆ ತುಂಬಿತ್ತು. ಬೇಟೆಯ ಕಥೆಯ ಚಪಲಕ್ಕೆ ಅಪ್ಪನನ್ನೇ ಕಳೆದುಕೊಂಡೆನಲ್ಲ ಎಂದು ಅಳತೊಡಗಿದೆ. ನೀಮಾ ನನ್ನ ಕೈ ಹಿಡಿದಳು. “ಅಳಬೇಡಿ ಆಂಟಿ. ನಮ್ಮ ಅಪ್ಪ ಹುಡುಕ್ತಾರೆ.”

ನಾವು ಹಿಂತಿರುಗಿದಾಗ ಎಲಿಯಾ ಆಗಲೇ ಅಪ್ಪ ಕೂತಿದ್ದ ಕಲ್ಲಿನ ಮುಂದೆ ಮಂಡಿಯೂರಿದ್ದರು. ಕಾಲಿಗೆ ಏನು ಹಾಕಿದ್ದರು, ಯಾವ ಕಾಲು ನೋವು ಎಂದು ಮಗಳಿಂದ ಕೇಳಿಸಿದರು. ಹವಾಯಿ ಚಪ್ಪಲಿ, ಎಡ ಮಂಡಿ ಎಂದೆ. ತಲೆಯಾಡಿಸಿ, ಒಂದು ಕಡ್ಡಿ ಮುರಿದು ಹೆಜ್ಜೆಯಿಂದ ಹೆಜ್ಜೆಗೆ ಅಳತೆ ತೆಗೆದುಕೊಂಡರು. ನಮಗೆ ಪಕ್ಕದಲ್ಲಿ ನಡೆಯಿರಿ, ಗುರುತಿನ ಮೇಲೆ ಕಾಲಿಡಬೇಡಿ ಎಂದು ಸನ್ನೆ ಮಾಡಿ ಹೊರಟರು.

ಹಿಂದಿನ ದಿನ ತುಂತುರು ಬಿದ್ದು ನೆಲ ಮೆತ್ತಗಿತ್ತು. ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಬರೀ ಮಣ್ಣು, ಹುಲ್ಲು. ಅವರಿಗೆ ಅಲ್ಲಿ ಅಪ್ಪ ಕಾಣುತ್ತಿದ್ದರು. ಇಲ್ಲಿ ನಿಂತರು, ಇಲ್ಲಿ ಹಿಂತಿರುಗಿ ನೋಡಿದರು, ಇಲ್ಲಿ ಬೇಲಿ ಹಿಡಿದು ದಾಟಿದರು ಎಂದು ಹೇಳುತ್ತಾ ಹೋದರು. ತೆನೆ ಬಾಗಿದ ರಾಗಿ ಹೊಲದ ಅಂಚಿನಲ್ಲಿ ಗುರುತು ತಪ್ಪಿಹೋಯಿತು. ಎಲಿಯಾ ಅಲ್ಲೇ ಸುತ್ತು ಹಾಕಿ, ಮಲಗಿದ್ದ ಎರಡು ಪೈರನ್ನು ಬೆರಳಲ್ಲಿ ಮುಟ್ಟಿ ನೋಡಿ ಮತ್ತೆ ಹಿಡಿದರು. ನಾನು ಬಿಕ್ಕುತ್ತಿದ್ದುದನ್ನು ಕಂಡು ಒಮ್ಮೆ ನಿಂತು, ಮೆಲ್ಲಗೆ ಏನೋ ಹೇಳಿದರು.

“ಹೆದರಿದವರ ಹೆಜ್ಜೆ ಹೀಗಿರಲ್ಲ ಅಂತೆ ಆಂಟಿ” ಎಂದಳು ನೀಮಾ. “ನಿಮ್ಮ ಅಪ್ಪ ಖುಷಿಯಾಗಿ ನಡೀತಿದ್ದಾರಂತೆ.”

ಹೆಜ್ಜೆಗಳು ನೇರವಾಗಿ ಕೆರೆಯ ಕಡೆಗೇ ಇಳಿದವು. ಕೆಸರಿನಲ್ಲಿ ಒಂದು ಚಪ್ಪಲಿ ಸಿಕ್ಕಿಬಿದ್ದಿತ್ತು. ನಾನು ಅಪ್ಪಾ ಎಂದು ಕೂಗಲು ಬಾಯಿ ತೆರೆದೆ. ಎಲಿಯಾ ಕೈ ಎತ್ತಿ ತಡೆದು, ಹೊಂಗೆ ಮರದತ್ತ ತೋರಿಸಿದರು.

ಮರದ ಬುಡದಲ್ಲಿ, ನೀರಿಗೆ ನಾಲ್ಕು ಮಾರು ಈಚೆ, ಅಪ್ಪ ಪೊದೆಯ ಹಿಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಮೊಣಕಾಲಿನವರೆಗೆ ಕೆಸರು. ಎದುರಿಗೆ ಯಾರದೋ ಏಳೆಂಟು ಎಮ್ಮೆಗಳು ಕತ್ತಿನವರೆಗೆ ನೀರಿನಲ್ಲಿ ಮುಳುಗಿ ಮಲಗಿದ್ದವು. ಅಪ್ಪ ಅವುಗಳನ್ನೇ ನೋಡುತ್ತಿದ್ದರು. ನಮ್ಮ ಸದ್ದಿಗೆ ತಿರುಗಿದಾಗ ಅವರ ಕಣ್ಣು ನನ್ನ ಮೇಲೆ ನಿಲ್ಲಲಿಲ್ಲ. ಎಲಿಯಾರ ಮೇಲೆ ನಿಂತಿತು. ಎಷ್ಟೋ ತಿಂಗಳಿಂದ ಕಾಣದ ಒಂದು ಬೆಳಕು ಆ ಮುಖದಲ್ಲಿ ಬಂತು.

“ಬಂದ್ರಾ? ಕೂತ್ಕೊಳಿ, ಕೂತ್ಕೊಳಿ” ಎಂದು ಪಿಸುಗುಟ್ಟಿದರು. “ಗಾಳಿ ನಮ್ ಕಡೀಕೇ ಬೀಸ್ತೈತೆ. ಅವುಕ್ಕೆ ನಮ್ಮ ವಾಸ್ನೆ ಹೋಗಲ್ಲ.”

ನೀಮಾ ತಂದೆಯ ಕಿವಿಯಲ್ಲಿ ಅದನ್ನು ಹೇಳಿದಳು. ಎಲಿಯಾ ನಗಲಿಲ್ಲ. ಅಪ್ಪನ ಪಕ್ಕ ಕೆಸರಿನಲ್ಲೇ ಕೂತರು. ಒಂದು ಚಿಟಿಕೆ ಒಣಮಣ್ಣು ಹುಡುಕಿ ತೆಗೆದು, ಗಾಳಿಗೆ ಬಿಟ್ಟು ನೋಡಿ, ಸರಿಯಾಗಿದೆ ಎನ್ನುವಂತೆ ಅಪ್ಪನಿಗೆ ತಲೆಯಾಡಿಸಿದರು. ಅಪ್ಪನ ಕೈ ಅವರ ತೋಳಿನ ಮೇಲೆ ಬಂತು.

“ಹೊಡೆಯೋದು ಬ್ಯಾಡ. ನೀರಿಗೆ ಬಂದವೆ, ಪಾಪ. ನೋಡ್ಕೊಂಡು ಹೋಗಾನ.”

ಅದರ ಅರ್ಥ ಕೇಳಿದಾಗ ಎಲಿಯಾ ಮುಖ ಆಚೆ ತಿರುಗಿಸಿ ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡರು. ಎಮ್ಮೆಗಳು ತಾವಾಗಿಯೇ ಎದ್ದು ದಡ ಹತ್ತುವವರೆಗೆ ನಾವು ನಾಲ್ವರೂ ಅಲ್ಲೇ ಕೂತಿದ್ದೆವು.

ಕಾರಿನ ಹತ್ತಿರ ಬಂದಮೇಲೆ, ಕಣ್ಣೊರೆಸಿಕೊಂಡದ್ದೇಕೆಂದು ಎಲಿಯಾ ಹೇಳಿದರು. ಅವರ ಅಣ್ಣನೂ ಹೆಜ್ಜೆ ನೋಡುವವನೇ. ಬೇಟೆಗೆ ಬರುವವರ ಚೀಲಗಳಲ್ಲಿ ಯಾವಾಗಲೂ ಒಂದೆರಡು ಪುಸ್ತಕಗಳು ಇರುತ್ತಿದ್ದವಂತೆ. ಅವರಿಗೆ ಬಂದ ದಿನವೇ ಕಾಡೆಮ್ಮೆ ಬೇಕು, ಅದೂ ಪುಸ್ತಕದಲ್ಲಿದ್ದ ಹಾಗೆ ಮೇಲೆ ನುಗ್ಗಬೇಕು. ಅಂಥವನೊಬ್ಬ ಅವಸರದಲ್ಲಿ ಗುಂಡು ಹಾರಿಸಿದ. ಗಾಯಗೊಂಡ ಪ್ರಾಣಿಯ ಜಾಡು ಹಿಡಿದು ಮೊದಲು ಹುಲ್ಲಿಗೆ ಇಳಿಯಬೇಕಾದವನು ಅಣ್ಣ. ಅವನು ತಿರುಗಿ ಬರಲಿಲ್ಲ.

ನಾನು ತಲೆ ತಗ್ಗಿಸಿದೆ. ನಾನೂ ಅಂಥ ಪುಸ್ತಕ ಓದಿಯೇ ಅಲ್ಲಿಗೆ ಬರಬೇಕೆಂದಿದ್ದೆ ಎಂದು ಒಪ್ಪಿಕೊಂಡೆ. ಎಲಿಯಾ ಕೋಪಿಸಿಕೊಳ್ಳಲಿಲ್ಲ. ಅವರು ಹೇಳಿದ್ದನ್ನು ನೀಮಾ ನಿಧಾನವಾಗಿ, ಪದ ಹುಡುಕಿ ಹುಡುಕಿ ನನಗೆ ದಾಟಿಸಿದಳು. “ಆ ಪುಸ್ತಕ ಓದಿದೋರು ಬರದೇ ಇದ್ದಿದ್ರೆ ಅಪ್ಪನಿಗೆ ಸಂಬಳ ಇರ್ತಿರಲಿಲ್ಲ, ನಾನು ಕಾಲೇಜಿಗೆ ಹೋಗ್ತಿರಲಿಲ್ಲ ಆಂಟಿ. ಅಪ್ಪ ಪುಸ್ತಕಾನ ಬೈಯಲ್ಲ. ಅದು ಬರೆದೋರು ಹೆಜ್ಜೆ ನೋಡೋನ ಮನೆಗೂ ಒಂದ್ಸಲ ಬರಬೇಕಿತ್ತು ಅಂತಾರೆ, ಅಷ್ಟೆ.”

ಆ ಮಾತು ಈಗಲೂ ನನ್ನನ್ನು ಕಾಡುತ್ತದೆ. ಅಷ್ಟು ಪುಸ್ತಕ ಓದಿದ್ದರೂ, ಮುಂದೆ ನಡೆದವನಿಗೊಬ್ಬ ತಮ್ಮನಿದ್ದಾನೆ, ಮನೆಯಿದೆ ಎಂದು ಒಂದು ದಿನವೂ ನನಗೆ ಹೊಳೆದಿರಲಿಲ್ಲ. ಕಂಪನಿಗೆ ಮತ್ತೆ ನಾನು ಬರೆಯಲಿಲ್ಲ. ಬೇಡವೆಂದು ಶಪಥವನ್ನೇನೂ ಮಾಡಲಿಲ್ಲ, ಬರೆಯಬೇಕೆಂದು ಅನಿಸಲೇ ಇಲ್ಲ. ನೀಮಾ ಆಗಾಗ ಫೋನ್ ಮಾಡುತ್ತಾಳೆ. ಅವರೂರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆಯಂತೆ.

ಅಪ್ಪನಿಗೆ ಆ ದಿನದ ಒಂದು ತುಣುಕೂ ನೆನಪಿಲ್ಲ. ಅದಕ್ಕೇ ನಾನು ಸಂಜೆ ಅವರ ಪಕ್ಕ ಕೂತು ಅದನ್ನು ಕಥೆಯಂತೆ ಹೇಳುತ್ತೇನೆ. ಒಬ್ಬ ಮುದುಕರು ಕೆರೆ ದಂಡೆಗೆ ಹೋದರು, ಇನ್ನೊಬ್ಬರು ಹೆಜ್ಜೆ ಹಿಡಿದು ಹುಡುಕಿಕೊಂಡು ಬಂದರು ಎಂದು. ಅವರು ಉಸಿರು ಬಿಗಿಹಿಡಿದು ಕೇಳುತ್ತಾರೆ. ಮುಗಿದ ಮೇಲೆ ಪ್ರತಿ ಸಲವೂ ಒಂದೇ ಪ್ರಶ್ನೆ.

“ಅಷ್ಟು ದೂರದಿಂದ ಬಂದೋರು. ಮನೆಗೆ ಕರ್ದು ಊಟಕ್ಕಿಕ್ಕಿದ್ರೇನವ್ವ?”

“ಇಕ್ಕಿದ್ವಿ ಅಪ್ಪ. ಮುದ್ದೆ, ಸೊಪ್ಪಿನ ಸಾರು. ಅವರೂರಲ್ಲೂ ಮುದ್ದೆ ಥರದ್ದೇ ಊಟವಂತೆ. ಇನ್ನೊಂದು ಹಾಕಿಸ್ಕೊಂಡು ಉಂಡ್ರು” ಎನ್ನುತ್ತೇನೆ.

ಅಪ್ಪ ಸಮಾಧಾನದಿಂದ ಕಣ್ಣು ಮುಚ್ಚುತ್ತಾರೆ.