ನಾಲಿಗೆ ಕೆಳಗಿನ ಗುಳಿಗೆ

ನಮ್ಮ ಅತ್ತೆ ಮಾತಿನ ಮಲ್ಲಿ. ಹುಮನಾಬಾದಿನ ನಮ್ಮ ಓಣಿಯಲ್ಲಿ ಆಕೆ ನೀರಿಗೆ ಹೋದರೆ, ಕೊಡ ತುಂಬುವುದರೊಳಗೆ ಊರ ಸುದ್ದಿಯೆಲ್ಲ ತುಂಬಿಕೊಂಡು ಬರುತ್ತಿದ್ದಳು. ಮಾವ ‘ಹೂಂ’, ‘ಹೌದು’ ಅನ್ನುವುದರಲ್ಲೇ ಸಂಸಾರ ತೂಗಿಸಿದವರು. ನಾನು ಹಿರಿಯ ಸೊಸೆ, ಸರ್ಕಾರಿ ದವಾಖಾನೆಯಲ್ಲಿ ನರ್ಸ್.

ಒಮ್ಮೆ ಮಾಣಿಕನಗರದ ಗುಡಿಗೆ ನಡೆದು ಹೋಗುವಾಗ ಅತ್ತೆಗೆ ಎದೆ ಹಿಡಿದುಕೊಂಡಿತು. ಅದು ಹೃದಯದ ನೋವೇ ಎಂದು ಪರೀಕ್ಷೆ ಮಾಡಿ ಹೇಳಿದ ಡಾಕ್ಟರು, ಸಣ್ಣ ಗುಳಿಗೆಗಳ ಶೀಶೆಯೊಂದನ್ನು ನನ್ನ ಕೈಗೆ ಕೊಟ್ಟರು. “ನೋವು ಬಂದ ಕೂಡಲೇ ಕೂಡಿಸಿ ನಾಲಿಗೆ ಕೆಳಗಿಡಮ್ಮ. ಹೃದಯದ ರಕ್ತನಾಳ ಹಿಗ್ಗುತ್ತದೆ. ನುಂಗಬಾರದು, ಕರಗುವ ತನಕ ಮಾತಾಡಲೂಬಾರದು” ಎಂದರು. ಕೊನೆಯ ಮಾತು ಕೇಳಿ ನನಗೆ ನಗು ತಡೆಯಲಾಗಲಿಲ್ಲ. ಡಾಕ್ಟರು ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ಮೈದುನನ ಮದುವೆ ಬಸವಕಲ್ಯಾಣದಲ್ಲಿ. ಬಾಡಿಗೆ ಬಸ್ಸಿನಲ್ಲಿ ನೆಂಟರು, ಮಕ್ಕಳು, ಹಿಂದಿನ ಸೀಟಿನಲ್ಲಿ ತಾಸೆ-ಸನಾಯಿಯ ವಾದ್ಯದವರು. ಅತ್ತೆ ಹಸಿರು ಇಳಕಲ್ ಸೀರೆ ಉಟ್ಟು, ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು, ದಾರಿಯುದ್ದಕ್ಕೂ ಹಾಡು ಹೇಳಿಸುತ್ತಿದ್ದಳು. ಕಲ್ಯಾಣ ಇನ್ನೇನು ಬಂತು ಅನ್ನುವಾಗ ಹಾಡು ಅರ್ಧಕ್ಕೇ ನಿಂತಿತು.

“ಯವ್ವಾ... ಎದಿಮ್ಯಾಲ ಬೀಸೋಕಲ್ಲು ಇಟ್ಟಂಗ ಆಗಾಕತ್ತದ” ಎಂದಳು. ಹಣೆ ಬೆವರಿತ್ತು.

ಕರೆದರೆ ಬರುವ ಆಂಬುಲೆನ್ಸು ಆಗ ನಮ್ಮ ಕಡೆ ಎಲ್ಲಿತ್ತು? ಸೀದಾ ದವಾಖಾನೆಗೆ ಬಿಡಲು ಡ್ರೈವರನಿಗೆ ಕೂಗಿ ಹೇಳಿದೆ. ಅತ್ತೆಯನ್ನು ಕಿಟಕಿಗೆ ಒರಗಿಸಿ, ಎಲೆಯಡಿಕೆ ಉಗುಳಿಸಿ, ಬಾಯಿ ತೊಳೆಸಿ, ಗುಳಿಗೆ ಇಟ್ಟೆ. “ಅತ್ತೀ, ಬಾಯಿ ಮುಚ್ರಿ. ಒಂದು ಮಾತೂ ಆಡಬ್ಯಾಡ್ರಿ.”

ಮಾವ ಹಾರುತ್ತ ಬಂದು ಆಕೆಯ ಕೈ ಹಿಡಿದರು. “ಏನಾರ ಮಾತಾಡು! ನಿನ್ನ ದನಿ ಇಲ್ಲಂದ್ರ ನನಗ ಗಂಟಲಾಗ ಅನ್ನ ಇಳಿಯಂಗಿಲ್ಲ.”

“ಮಾವಾ, ಆಕಿ ಮಾತಾಡಬಾರದ್ರಿ! ಗುಳಿಗಿ ಕರಗಬೇಕು.”

ಹಾಗಂದದ್ದೇ ತಪ್ಪಾಯಿತೋ ಏನೋ, ಅವರೇ ಶುರು ಮಾಡಿದರು. ಹೆದರಿಕೆಗೆ ಮಾತು ಒಡೆದ ಕೆರೆಯಂತೆ ನುಗ್ಗಿತು. ಮದುವೆಗೆ ಮೊದಲು ಆಕೆಯನ್ನು ನೋಡಲು ಹೋದಾಗ ಜೋಳದ ಬೆಳೆಯಲ್ಲಿ ಅಡಗಿ ನಿಂತದ್ದು, ಗೆಳೆಯರ ಮುಂದೆ ಆಕೆಯ ಹೆಸರು ಹೇಳಲು ನಾಚಿದ್ದು, ಎಲ್ಲ ಬಂತು. ಕೊನೆಗೆ, “ಇನ್ನೊಂದು ಮಾತು. ನೀ ಮಾಡೋ ಪುಂಡಿಪಲ್ಯ ನನಗ ಎಂದೂ ಸೇರಿಲ್ಲ” ಎಂದರು.

ಅತ್ತೆಯ ಕಣ್ಣು ಇಷ್ಟಗಲವಾಯಿತು. ನಾನು ಆಕೆಯ ಗಲ್ಲ ಒತ್ತಿ ಹಿಡಿದೆ. ನಾಡಿ ನೆಟ್ಟಗಾಗುತ್ತಿತ್ತು, ಮುಖಕ್ಕೆ ಕೆಂಪು ಏರುತ್ತಿತ್ತು. ಗುಳಿಗೆ ಕರಗಿದ್ದೇ ತಡ:

“ಸೇರಂಗಿಲ್ಲೇನ್ರಿ? ಹಂಗಾರ ಎರಡೆರಡು ಸಲ ಯಾಕ ಹಾಕಿಸ್ಕೋತಿದ್ರಿ?”

“ನೀ ಬಡಸಾಕ ಬಗ್ಗಿದಾಗ ಬಳಿ ಘಲ್ ಅಂತಿದ್ವು, ಅದಕ್ಕ.”

ಬಸ್ಸಿಗೆ ಬಸ್ಸೇ ಹೋ ಎಂದಿತು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. “ಎದಿ ಹಗುರಾತು. ತಲಿ ಮಾತ್ರ ಗಿರ್ ಅನ್ನಾಕತ್ತದ” ಎಂದಳು. ಗುಳಿಗೆಗೆ ತಲೆ ಸಿಡಿಯುವುದು, ತಿರುಗುವುದು ಇದ್ದದ್ದೇ ಎಂದು ಗೊತ್ತಿದ್ದರಿಂದ ಏಳಗೊಡಲಿಲ್ಲ. “ಗುಳಿಗಿಗೋ, ಮಾವನ ಮಾತಿಗೋ?” ಎಂದು ಯಾರೋ ಹಿಂದಿನಿಂದ ಕೇಳಿದರು.

ಕಲ್ಯಾಣದ ದವಾಖಾನೆಯಲ್ಲಿ ಡಾಕ್ಟರು ಪರೀಕ್ಷೆ ಮಾಡಿ, “ಗುಳಿಗೆ ಸಮಯಕ್ಕೆ ಬಿತ್ತು. ಆದರೆ ಇವತ್ತು ಮಂಚ ಇಳಿಯುವ ಹಾಗಿಲ್ಲ” ಎಂದರು. ಮೈದುನ ಮದುವೆಯನ್ನೇ ಮುಂದೆ ಹಾಕೋಣವೆಂದ. ಅತ್ತೆ ಒಪ್ಪಲಿಲ್ಲ. “ಹೋಗ್ರಿ, ಅಕ್ಕಿಕಾಳು ಹಾಕಿಸ್ಕೊಂಡು ಇಲ್ಲೇ ಬರ್ರಿ!” ಎಂದು ಎಲ್ಲರನ್ನೂ ಅಟ್ಟಿದಳು. ಮಾವ, ನಾನು ಉಳಿದೆವು.

ಮಧ್ಯಾಹ್ನ ಬಾಸಿಂಗ ಕಟ್ಟಿದ ಜೋಡಿ ಹೆಂಗಸರ ವಾರ್ಡಿಗೇ ಬಂದು ಆಕೆಯ ಕಾಲು ಮುಟ್ಟಿತು. ಪಕ್ಕದ ಮಂಚದಲ್ಲಿ ಜ್ವರ ಬಿಟ್ಟ ಅಜ್ಜಿಯೊಬ್ಬಳು ಎದ್ದು ಕುಳಿತು ಸೋಬಾನೆ ಎತ್ತಿದಳು. ಉಳಿದ ರೋಗಿಗಳು ದನಿಗೂಡಿಸಿದರು. ಡಾಕ್ಟರು ಗದರಿಸಲು ಬಂದವರು ಯಾರೋ ಕೈಗಿಟ್ಟ ಬೂಂದಿ ಲಾಡು ಹಿಡಿದು ಬಾಗಿಲಲ್ಲೇ ನಿಂತರು. ಹೊರಗೆ ಗೇಟಿನಾಚೆ ಬೇವಿನ ಗಿಡದಡಿ ತಾಸೆ ಶುರುವಾಯಿತು. ನಾಲ್ಕು ಜನರೆದುರು ಎಂದೂ ಹೆಜ್ಜೆ ಹಾಕದ ನಾನು ಹೊರಗೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೀಗಿತ್ತಿಯರ ಕೈ ಹಿಡಿದು, ಬಿಸಿಲಲ್ಲೇ ಕುಣಿದುಬಿಟ್ಟೆ.