ಎರಡು ಸಲ ಮಾದಪ್ಪನ ಮುಟ್ಟಿ

ಹಂಗಳದ ನಮ್ಮ ಮನೆಯ ಹಳೆಯ ಕಾರು ನಮ್ಮ ಯಜಮಾನರ ಕೈಯಲ್ಲಿ ಒಂದು ದಿನವೂ ತಕರಾರು ಮಾಡಿದ್ದಿಲ್ಲ. ಕೂತವರೇ ಕೀ ತಿರುಗಿಸಿ, ಸ್ಟಾರ್ಟ್ ಮಾಡದೆ, ಡ್ಯಾಶ್‌ಬೋರ್ಡಿನ ಮೇಲಿದ್ದ ಮಾದಪ್ಪ ದೇವರ ಪಟ ಮುಟ್ಟುವರು. ಕೀ ಹಿಂದಕ್ಕೆ. ಮತ್ತೆ ತಿರುಗಿಸಿ ಮತ್ತೆ ಮುಟ್ಟುವರು. ಆಮೇಲೇ ಸ್ಟಾರ್ಟು. "ಒಂದ್ಸಲ ಮುಟ್ಟುದ್ರೆ ಮಾದಪ್ಪಂಗೆ ಸಾಲ್ದಾ? ಬಸ್ಸಲ್ಲಿ ಓಗಿದ್ರೆ ಇಷ್ಟೊತ್ಗೆ ಗುಂಡ್ಲುಪೇಟೆ ಸೇರ್ತಿದ್ದೆ" ಎಂದು ನಾನು ರೇಗುತ್ತಿದ್ದೆ. ಅವರು ನಗುತ್ತಿದ್ದರು, ಅಷ್ಟೆ.

ಲಕ್ವ ಹೊಡೆದು ಅವರ ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ನಿಂತಿತು. ಸ್ಟಿಯರಿಂಗ್ ನನ್ನ ಕೈಗೆ ಬಂತು. ಮಾತು ಕಲಿಸುವ ಅಭ್ಯಾಸಕ್ಕೆ ಅವರನ್ನು ಚಾಮರಾಜನಗರದ ಆಸ್ಪತ್ರೆಗೆ ನಾನೇ ಕರೆದೊಯ್ಯುತ್ತಿದ್ದೆ. ಈ ದರಿದ್ರದ ಕಾರೋ, ನನ್ನನ್ನು ಕಂಡರೆ ಮೊಂಡು ಹಿಡಿಯುವುದು. ಬೆಳಗಿನ ಹೊತ್ತು ಗರಗರ ಅನ್ನುತ್ತಲೇ ಇರುವುದು, ಹತ್ತಿಕೊಳ್ಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವರನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಎಷ್ಟು ಒದ್ದಾಡಿದರೂ ಕಾರು ಜಪ್ಪಯ್ಯ ಅನ್ನಲಿಲ್ಲ. ಗೇಟು ತೆಗೆದು ನಿಂತಿದ್ದ ಮೈದುನನಿಗೆ ಅಷ್ಟೇ ಸಾಕಾಯಿತು.

"ಸುಮ್ನೆ ಯಾಕತ್ಗೆ ಎಳ್ಕಂಡ್ ತಿರುಗ್ತೀರಿ? ಅಣ್ಣಂಗೆ ಏನೂ ತಿಳಿಯದಿಲ್ಲ. ಆ ಆಸ್ಪತ್ರೆ ಸಾವಾಸ ಇವತ್ತಿಗೆ ಬುಟ್ಬುಡಿ."

ಇವರು ಕಾಯಿಲೆ ಬಿದ್ದಾಗಿನಿಂದ ಅವನು ಹೀಗೇ. ಅಣ್ಣನ ಎದುರಿಗೇ ಅಣ್ಣನ ವಿಷಯ ಆಡುವನು, ಅಣ್ಣನೊಂದಿಗೆ ಮಾತ್ರ ಒಂದು ಮಾತಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಅವರಿಗೆ ತಿಳಿಯುತ್ತದೆ ಎಂದು ತೋರಿಸಲು ನನ್ನ ಹತ್ತಿರ ತಾನೇ ಏನಿತ್ತು? ಕರೆದರೆ ಒಮ್ಮೊಮ್ಮೆ ತಿರುಗಿ ನೋಡುವರು, ಒಮ್ಮೊಮ್ಮೆ ಅದೂ ಇಲ್ಲ. ಒಳಗೊಳಗೆ ನನಗೂ ಹೆದರಿಕೆಯೇ ಇತ್ತು.

ಗುಂಡ್ಲುಪೇಟೆಯಿಂದ ಮೆಕ್ಯಾನಿಕ್ ಬೈಕಿನಲ್ಲಿ ಬಂದ. ಬಾನೆಟ್ ಎತ್ತಿ, ಪೆಟ್ರೋಲ್ ಪೈಪಿಗೆ ಮುಳ್ಳಿನ ಮೀಟರೊಂದನ್ನು ಸಿಕ್ಕಿಸಿದ. "ಬರೀ ಕೀ ಆನ್ ಮಾಡಕ್ಕ, ಸ್ಟಾರ್ಟ್ ಮಾಡ್ಬೇಡ."

ಹಿಂದಿನ ಸೀಟಿನ ಕೆಳಗೆ ಗುಂಯ್ ಎಂದು ಸಣ್ಣ ಸದ್ದಾಗಿ ನಿಂತಿತು.

"ಒಂದ್ಸಲ ಆನ್ ಮಾಡುದ್ರೆ ಪ್ರೆಶರ್ ಅರ್ಧಕ್ಕೇ ನಿಂತ್ಕತದೆ ಕಣಕ್ಕ" ಎಂದ ಮೆಕ್ಯಾನಿಕ್. "ಟ್ಯಾಂಕಲ್ಲಿರ ಪಂಪು ಪೆಟ್ರೋಲ್ನ ಇಡ್ಕಳದಿಲ್ಲ. ಗಾಡಿ ನಿಲ್ಸುದ್ರೆ ಎಲ್ಲಾ ವಾಪಸ್ ಇಳ್ದೋಯ್ತದೆ. ಬೇರೆ ಪಂಪ್ ಆಕ್ಬೇಕು, ಮೈಸೂರಿಂದ ತರ್ಸ್ತೀನಿ. ಆದ್ರೆ ಇದು ಹಳೇ ಕಾಯಿಲೆ. ಅಣ್ಣ ಎಂಗ್ ಸ್ಟಾರ್ಟ್ ಮಾಡ್ತಿದ್ರು?"

ಮೈದುನ ಗೇಟು ಹಾಕಲು ಹೊರಟ. ನಾನು ಸಿಟ್ಟಿಗೆದ್ದು ಮತ್ತೆ ಕೀಗೆ ಕೈಹಾಕಿದೆ. ಆಗ ಪಕ್ಕದಿಂದ ಒಂದು ಕೈ ಬಂದು ನನ್ನ ತೋಳು ಹಿಡಿಯಿತು.

ಯಜಮಾನರ ಎಡಗೈ. ತೋಳು ಬಿಟ್ಟು ಅದು ಮುಂದೆ ಹೋಗಿ ಮಾದಪ್ಪನ ಪಟದ ಮೇಲೆ ಕೂತಿತು. ನನ್ನನ್ನೇ ನೋಡಿದರು. ಕೀಯನ್ನು ಅರ್ಧಕ್ಕೆ ತಿರುಗಿಸಿ ನಿಲ್ಲಿಸಿದೆ. ಗುಂಯ್ ಎಂದಿತು. ಸದ್ದು ನಿಂತ ಕೂಡಲೇ ಕೈ ತೆಗೆದರು. ಕೀ ಹಿಂದಕ್ಕೆ ತಂದೆ. ಕೈ ಮತ್ತೆ ಪಟಕ್ಕೆ ಹೋಯಿತು. ಮತ್ತೆ ತಿರುಗಿಸಿದೆ, ಮತ್ತೆ ಗುಂಯ್. ಸದ್ದು ನಿಂತಿತು, ಕೈ ಹಿಂದಕ್ಕೆ ಬಂತು. ನನ್ನ ತೋಳಿನ ಮೇಲೆ ಮೆಲ್ಲಗೆ ತಟ್ಟಿದರು.

"ಅಬ್ಬಬ್ಬಾ, ಮುಳ್ಳು ಪೂರ್ತಿ ಮೇಲೋಯ್ತು ಕಣಕ್ಕ! ಒಡಿ ಸೆಲ್ಫು!" ಎಂದು ಮೆಕ್ಯಾನಿಕ್ ಕೂಗಿದ.

ಕಾರು ಒಂದೇ ಏಟಿಗೆ ಹತ್ತಿಕೊಂಡಿತು.

ಇಷ್ಟು ವರ್ಷ ಈ ಮನುಷ್ಯ ಮಾದಪ್ಪನನ್ನೂ ಮುಟ್ಟುತ್ತಿದ್ದರು, ಹಿಂದಿನ ಸೀಟಿನ ಕೆಳಗಿನ ಪಂಪನ್ನೂ ಕೇಳಿಸಿಕೊಳ್ಳುತ್ತಿದ್ದರು. ಮಾತು ಹೋಗಿದೆ, ಅದು ಹೋಗಿಲ್ಲ. ನನಗೆ ಅಳು ಬಂತು, ನಗುವೂ ಬಂತು. "ಬಾಯ್ಬುಟ್ಟು ಒಂದಿನ ಯೋಳಿದ್ರೆ ಗಂಟೋಯ್ತಿತ್ತಾ ನಿಮ್ದು?" ಎಂದು ಬೈದೆ. ಅರ್ಧ ಬಾಯಲ್ಲಿ ಅದೇ ಹಳೆಯ ನಗು ನಕ್ಕರು.

ಮೆಕ್ಯಾನಿಕ್ ಕಾರು ಆಫ್ ಮಾಡಿಸಿ, ಮೀಟರ್ ಬಿಚ್ಚಿ, ಪೈಪು ಬಿಗಿದುಕೊಟ್ಟ. ಮತ್ತೆ ಅದೇ ಥರ ಸ್ಟಾರ್ಟ್ ಮಾಡಿದೆ. ಮೈದುನ ಗೇಟು ಪೂರಾ ತೆಗೆದ. ನನ್ನ ಕಡೆಗೆ ಬರುತ್ತಾನೆ ಅಂದುಕೊಂಡೆ. ಅವನು ಆ ಕಡೆಯ ಕಿಟಕಿಗೆ ಹೋಗಿ ಬಗ್ಗಿ ನಿಂತ.

"ಅಣ್ಣ," ಎಂದ, "ಉಸಾರಾಗ್ ಓಗ್ಬುಟ್ ಬಾ."